ಆರರಿಂದ ಏಳು, ವ್ಯಾಕರಣಕ್ಕೆ ಮಾತ್ರ

ನನ್ನ ಗಂಡ ಸೆಡ್ರಿಕ್ ಮೂವತ್ತೆಂಟು ವರ್ಷ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಅವನು ನಿವೃತ್ತನಾದ, ಅವನ ಕೆಂಪು ಪೆನ್ಸಿಲ್ ಆಗಲಿಲ್ಲ. ತಿದ್ದಲು ಪತ್ರಿಕೆ ಇಲ್ಲದ ಮೇಲೆ ನಾನೇ ಸಿಕ್ಕಿದೆ. ನಾನು ಜಾಮ್ ಸೀಸೆಗೆ ಅಂಟಿಸಿದ ಚೀಟಿ ತಿದ್ದಿದ. ಹಾಲಿನವನಿಗೆ ನಾನು ಬಾಗಿಲಲ್ಲಿಟ್ಟ ‘ಇವತ್ತು ಎರಡು ಬಾಟಲಿ’ ಚೀಟಿಗೆ ಎಷ್ಟು ಕೆಂಪು ಗೀಟು ಹಾಕಿದನೆಂದರೆ, ಹಾಲಿನವನು ಗಾಬರಿಯಾಗಿ ನಾಲ್ಕು ಬಾಟಲಿ ಇಟ್ಟು ಓಡಿದ. ಕೊನೆಗೆ, ಮದುವೆಯ ನಲವತ್ತಮೂರನೆಯ ವಾರ್ಷಿಕೋತ್ಸವಕ್ಕೆ ನಾನು ಬರೆದ ಶುಭಾಶಯಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟು ವಾಪಸು ಮಾಡಿದ. (ಹದಿನಾಲ್ಕಕ್ಕೇ ಶಾಲೆ ಬಿಟ್ಟು ಬಟ್ಟೆ ಗಿರಣಿ ಸೇರಿದವಳು ನಾನು. ಆರು ಬಂದದ್ದು ಒಳಗೊಳಗೇ ಖುಷಿ. ಅದನ್ನು ಗಂಡನಿಗೆ ಹೇಳುವುದುಂಟೆ?)

ಆದರೂ ಸಹಿಸಿಕೊಂಡಿದ್ದೆ. ಏಕೆಂದರೆ ಮದುವೆಯಾದಂದಿನಿಂದ ಬೆಳಗಿನ ಟೀ ನನ್ನ ಹಾಸಿಗೆಗೆ ತಂದುಕೊಡುವವನು ಅವನೇ. ಆ ಒಂದು ಬಟ್ಟಲಿಗೆ ಉಳಿದ ಪಾಪವೆಲ್ಲ ಮಾಫಿ.

ಪೆನ್ಸಿಲಿನಿಂದ ಪಾರಾಗಲು ನನಗೊಂದು ಮಹಾ ಉಪಾಯ ಹೊಳೆಯಿತು. ಅಂಚೆಕಚೇರಿಯ ಕಿಟಕಿಯ ಗಾಜಿನ ಮೇಲೆ, ಮಾರಾಟಕ್ಕಿರುವ ತೊಟ್ಟಿಲು, ಕಳೆದುಹೋದ ಬೆಕ್ಕುಗಳ ನಡುವೆ ಒಂದು ಚೀಟಿ ಅಂಟಿಸಿದೆವು: ‘ಇಂಗ್ಲಿಷಿನಲ್ಲಿ ಸಂದೇಹವೆ? ಸಂಜೆ ಆರರಿಂದ ಏಳರೊಳಗೆ ಫೋನ್ ಮಾಡಿ. ಉಚಿತ.’

ಮೊದಲ ಸಂಜೆಯೇ ಫೋನಿನ ಗಂಟೆ ಹೊಡೆಯಿತು. ‘ಕಡಿಮೆ’ ಎನ್ನಲು ‘ಲೆಸ್’ ಎನ್ನಬೇಕೋ ‘ಫ್ಯೂವರ್’ ಎನ್ನಬೇಕೋ ಎಂದು ಯಾರೋ ಕೇಳಿದರು. ಸೆಡ್ರಿಕ್ ಎದ್ದುನಿಂತು, ಕೋಟಿನ ಗುಂಡಿ ಹಾಕಿಕೊಂಡು, ಇಪ್ಪತ್ತು ನಿಮಿಷ ಉತ್ತರ ದಯಪಾಲಿಸಿದ.

“ಐವಿ, ಊರಿಗೆ ನಾನಿನ್ನೂ ಬೇಕು ಕಣೇ!” ಎಂದಾಗ ಅವನ ಕಣ್ಣಂಚು ಒದ್ದೆ. ಅಂದಿನಿಂದ ಕೆಂಪು ಪೆನ್ಸಿಲ್ ಗಪ್‌ಚಿಪ್. ಈ ಫೋನು ನಿಂತರೆ ಇವನು ಕುಗ್ಗಿಹೋಗುತ್ತಾನೆ ಎಂದು ನನಗೆ ಆಗಲೇ ಗೊತ್ತಾಯಿತು.

ಒಂದು ಮಧ್ಯಾಹ್ನ ಅವನು ಊರಾಚೆಯ ತನ್ನ ತರಕಾರಿ ಪಾತಿಗೆ ಹೋಗಿದ್ದಾಗ ಫೋನು ಬಂತು. ನಮ್ಮ ಬೀದಿಯ ಮಿಸೆಸ್ ಥ್ವೇಟ್. ಮೊದಲು ಕ್ಷಮೆ ಕೇಳಿದಳು, ಆಮೇಲೆ ಮೋಡ, ಮಳೆಯ ಹರಟೆ ಮುಗಿಸಿದಳು, ಆಮೇಲೆ ವಿಷಯ:

“ಕಾಗದದಲ್ಲಿ ‘ನಾನು ಬರ್ತೀನಿ’ ಅನ್ನೋಕೆ ‘ಶಲ್’ ಹಾಕ್ಬೇಕಾ, ‘ವಿಲ್’ ಹಾಕ್ಬೇಕಾ?”

ನನಗೇನು ಗೊತ್ತು? ನನಗೆ ಕೇಳಲು ಬರುವುದನ್ನೇ ಕೇಳಿದೆ. “ಯಾರ ಮನೆಗೆ ಬರೋದು?”

“ನಮ್ಮಕ್ಕನ ಮನೆಗೆ. ಮಾತು ಬಿಟ್ಟು ಹನ್ನೊಂದು ವರ್ಷ.”

“ಎಷ್ಟು ದೂರ?”

“ಎದುರು ಮನೆ.”

“ಹಾಗಾದ್ರೆ ಕಾಗದ ಹರಿದುಹಾಕಿ ರಸ್ತೆ ದಾಟಮ್ಮ!”

ಎರಡು ದಿನದಲ್ಲಿ ನನ್ನ ಹೊಸಿಲ ಮೇಲೆ ಒಂದು ದೊಡ್ಡ ಹಣ್ಣಿನ ಕೇಕು.

ನಮ್ಮ ಜನವೇ ಹಾಗೆ. ಎದೆಗೆ ಬೆಂಕಿ ಬಿದ್ದರೂ ‘ಅಲ್ಪವಿರಾಮ ಎಲ್ಲಿಡಲಿ’ ಎಂದೇ ಕೇಳುತ್ತಾರೆ. ಮಗ್ಗಗಳ ಗದ್ದಲದಲ್ಲೂ ಗೆಳತಿಯರ ತುಟಿ ನೋಡಿ ಮಾತು ಹಿಡಿದವಳು ನಾನು. ನನ್ನಿಂದ ಯಾರೂ ಏನೂ ಮುಚ್ಚಿಡಲಾರರು ಎಂಬ ಜಂಬ ನನಗೆ. ಸುದ್ದಿ ಹಬ್ಬಿತು. ಮಧ್ಯಾಹ್ನದ ಫೋನು ಕಾದ ಕಾವಲಿ, ಸಂಜೆಯ ಫೋನು ಕಲ್ಲು. ಆರಕ್ಕೆ ಟೈ ಕಟ್ಟಿ ಕೂತ ಸೆಡ್ರಿಕ್, “ಊರವರೆಲ್ಲ ಕಲಿತುಬಿಟ್ಟರೇನೋ” ಎಂದು ನಿಟ್ಟುಸಿರಿಟ್ಟರೆ ನನ್ನ ಪಾಲಿನ ಬಿಸ್ಕತ್ತನ್ನೂ ಅವನ ತಟ್ಟೆಗೆ ಹಾಕುತ್ತಿದ್ದೆ. ಮಧ್ಯಾಹ್ನದ ಫೋನಿನ ವಿಷಯ ಮಾತ್ರ ಹೇಳಲಿಲ್ಲ.

ಒಂದು ಗುರುವಾರ ಮಧ್ಯಾಹ್ನ, ಸಾರ್ವಜನಿಕ ಫೋನಿನಿಂದ ಗಂಡಸಿನ ಧ್ವನಿಯೊಂದು, ಬಾಯಿಗೆ ಬಟ್ಟೆ ತುರುಕಿದಂತೆ. ಕ್ಷಮೆ, ಮೋಡ ಎಲ್ಲ ಆಯಿತು.

“ಹೆಂಡತಿಗೆ ಕಾಗದ. ಶುರುವಿಗೆ ‘ಡಿಯರ್’ ಅನ್ಲಾ, ‘ಡಿಯರೆಸ್ಟ್’ ಅನ್ಲಾ?”

“ಒಂದೇ ಮನೇಲಿ ಇದ್ದೀರಲ್ಲ? ಏನಾಯ್ತಪ್ಪಾ?”

“ನನ್ನ ಕೆಲಸಾನ ನನಗೆ ಗೊತ್ತಾಗದ ಹಾಗೆ ಅವಳು ಮಾಡ್ತಿದ್ದಾಳೆ. ನನಗಿಂತ ಚೆನ್ನಾಗಿ ಮಾಡ್ತಾಳಂತೆ. ಅದಕ್ಕೆ ಹೆಮ್ಮೇನೇ. ಮುಚ್ಚಿಟ್ಟಿದ್ದಕ್ಕೆ ಬೇಜಾರು.”

ಆಗ ಚರ್ಚಿನ ಗಡಿಯಾರ ಮೂರು ಹೊಡೆಯಿತು, ನಮ್ಮ ಕಿಟಕಿಯಲ್ಲೂ ಫೋನಿನಲ್ಲೂ ಒಟ್ಟಿಗೆ. ಲೈನು ಎಷ್ಟು ಚೆನ್ನಾಗಿದೆ ಎಂದುಕೊಂಡೆ.

“ಎಂಥಾ ಹೆಂಗಸು ಸ್ವಾಮಿ ಅವಳು!” ನನಗೆ ರೇಗಿತು. “ಕಾಗದ ಬೇಡ. ಮನೆಗೆ ಹೋಗಿ ಕುರ್ಚೀಲಿ ಕೂತ್ಕೊಳ್ಳಿ. ಒಂದು ತಿಂಗಳು ಬೆಳಗಿನ ಟೀ ಅವಳೇ ನಿಮ್ಮ ಹಾಸಿಗೆಗೆ ತರ್ಲಿ! ಜೊತೆಗೆ ಟೋಸ್ಟು!”

“ಮಾರ್ಮಲೇಡು?”

“ಅದೂ!”

ಹತ್ತು ನಿಮಿಷಕ್ಕೆ ಸೆಡ್ರಿಕ್ ಬಂದ. ಬೂಟಿನ ತುಂಬ ಮಣ್ಣು, ಕೈಯಲ್ಲಿ ಒದ್ದೆ ಕರವಸ್ತ್ರ. ಕುರ್ಚಿಯಲ್ಲಿ ಕೂತು ಕಾಲು ಚಾಚಿದ.

“ಮಾರ್ಮಲೇಡು ಒಂದೇ ಚಮಚ ಸಾಕು, ಐವಿ.”

“ನೀನಾ! ನಿನಗ್ಯಾರು ಹೇಳಿದ್ರು?”

“ಪಕ್ಕದ ಪಾತಿಯವನು. ‘ಸಂಜೆ ಮಾಡ್ಬೇಡ, ಯಾವನೋ ಮುದುಕ ಕೊರೀತಾನೆ, ಮಧ್ಯಾಹ್ನ ಒಬ್ಬಳು ಮಹಾತಾಯಿ ಸಿಗ್ತಾಳೆ’ ಅಂದ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. (ಫೋನಿನಲ್ಲಿ ತುಟಿ ಕಾಣುವುದಿಲ್ಲ ನೋಡಿ. ಇಲ್ಲವಾದರೆ ನಾನು ಮೋಸಹೋಗುವವಳೆ?)

ಈಗ ಫೋನ್ ಮಾಡಿದವರಿಗೆ, ಕಾಗದದಲ್ಲಿ ಏನು ಹೇಳಬೇಕೆಂದು ಮಧ್ಯಾಹ್ನ ನಾನು ಹೇಳುತ್ತೇನೆ. ಬರೆದದ್ದನ್ನು ಸಂಜೆ ಅವನಿಗೆ ಓದಿಹೇಳಿ ಅಲ್ಪವಿರಾಮ ಹಾಕಿಸಿಕೊಳ್ಳಲೇಬೇಕೆಂದು ಕಟ್ಟಪ್ಪಣೆಯನ್ನೂ ಮಾಡುತ್ತೇನೆ. ಆರಕ್ಕೆ ಫೋನಿಗೆ ಉಸಿರಾಡಲು ಬಿಡುವಿಲ್ಲ.

ಆ ಗುರುವಾರದ ಮರುದಿನ ಬೆಳಿಗ್ಗೆ ತಣ್ಣನೆಯ ನೆಲ ತುಳಿದು ಟೀ ಮಾಡಿ, ತಟ್ಟೆಯಲ್ಲಿ ‘ಕ್ಷಮಿಸು’ ಎಂದು ಬರೆದ ಚೀಟಿಯನ್ನೂ ಇಟ್ಟು ಒಯ್ದೆ. ಖಾಲಿ ಬಟ್ಟಲಿನ ಜೊತೆ ಚೀಟಿ ವಾಪಸು ಬಂತು. ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು: ‘ಭಾಷೆ: ಹತ್ತಕ್ಕೆ ಹತ್ತು. ಟೀ: ಹತ್ತಕ್ಕೆ ಆರು.’