ಹೆಬ್ಬೆರಳಿನ ಕೆಳಗಿನ ಅರ್ಧ ವಾಕ್ಯ

ತಮಗೆ ಅನ್ಯಾಯವಾಗುತ್ತಿದೆ ಎಂಬುದು ಷರತ್ತುರಾಯರಿಗೆ ಹಲ್ಲುಜ್ಜುವಾಗ ಹೊಳೆಯಿತು. ಷರತ್ತುರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ನಾದಿನಿ ಇಟ್ಟದ್ದು. ಸುಟ್ಟ ಅಂಗಡಿಗೆ, ನುಜ್ಜುಗುಜ್ಜಾದ ಕಾರಿಗೆ ಪರಿಹಾರ ಏಕೆ ಸಿಗದು ಎಂಬುದಕ್ಕೆ ಸಣ್ಣಕ್ಷರದ ಷರತ್ತು ಹುಡುಕಿಕೊಡುವುದು ವಿಮಾ ಕಚೇರಿಯಲ್ಲಿ ಅವರ ಕೆಲಸ. (ಷರತ್ತು ಸಿಗದ ದಿನ ಅವರಿಗೆ ಊಟ ರುಚಿಸುತ್ತಿರಲಿಲ್ಲ.)

ಅನ್ಯಾಯ ನಡೆಯುತ್ತಿದ್ದದ್ದು ಮನೆಯ ಊಟದ ಮೇಜಿನ ಮೇಲೆ, ಪ್ರತಿ ಭಾನುವಾರ ಮಧ್ಯಾಹ್ನ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರ ಹೆಂಡತಿ ಅಲ್ಲೊಂದು ಕಲ್ಪನೆಯ ರಾಜ್ಯ ನಡೆಸುತ್ತಿದ್ದಳು. ಕಾಡು, ಗುಹೆ, ಡ್ರ್ಯಾಗನ್ ಎಲ್ಲ ಅವಳ ಬಾಯಲ್ಲಿ. ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಅದರೊಳಗೆ ಬಾಳಬೇಕು. ನರ್ಸ್ ಆಗಿದ್ದ ನಾದಿನಿ ಅಲ್ಲಿ ಮಾಟಗಾತಿ. ರಾಯರು ಮಾಂತ್ರಿಕ, ಅದೂ ಎರಡು ವರ್ಷ ಭಾನುವಾರದ ನಿದ್ದೆಗೆಟ್ಟು ಸಾಕಿ ಬೆಳೆಸಿದ ಮಾಂತ್ರಿಕ. ಪಾತ್ರ ಸತ್ತರೆ ಹೊಸ ಕಥೆ ಶುರುವಾಗುವವರೆಗೆ ಮೇಜಿನ ಬಳಿ ಜಾಗವಿಲ್ಲ. ಕಡಿಮೆಯೆಂದರೂ ಮೂರು ತಿಂಗಳು.

ಈ ಮಾಂತ್ರಿಕ ಈಚೆಗೆ ಒಂದು ವಿಶೇಷ ವಿದ್ಯೆ ಗಳಿಸಿದ್ದ. ಅದರ ಬಲದಿಂದ ಒಂದು ಒಡನಾಡಿ ಪ್ರಾಣಿಯನ್ನು ಇಟ್ಟುಕೊಳ್ಳಬಹುದು. ರಾಯರು ಗೂಬೆಯನ್ನು ಆರಿಸಿದರು. (ಬೇರೆಯವರ ತಲೆಯ ಮೇಲೆ ಕೂರಿಸಿ ಅವರಿಗೆ ಕಚೇರಿಯಲ್ಲಿ ಅಭ್ಯಾಸವಿತ್ತು.) ಗೂಬೆಯ ಕಣ್ಣಿನಿಂದ ಒಡೆಯ ಲೋಕವನ್ನು ನೋಡಬಹುದು, ಆದರೆ ನೋಡುವಷ್ಟು ಹೊತ್ತು ಅವನ ಸ್ವಂತ ಮೈ ಕುರುಡು, ಕಿವುಡು. ಈ ನಿಯಮವನ್ನು ಮೊದಲು ಎತ್ತಿ ಹಿಡಿದವರೂ ರಾಯರೇ. ಹೋದ ತಿಂಗಳು ಮಾಟಗಾತಿ ತನ್ನ ಬೆಕ್ಕಿನ ಕಣ್ಣಿನಿಂದ ನೋಡುತ್ತ ಸೇತುವೆಯಿಂದ ಕೆಳಗೆ ಬಿದ್ದು ಕಾಲು ಮುರಿದುಕೊಂಡಾಗ, "ನಾವು ಕೂಗಿದ್ದು ಅವಳಿಗೆ ಕೇಳ್ಸಲ್ಲ. ನಿಯಮ ಅಂದ್ರೆ ನಿಯಮ" ಎಂದು ಪುಟಸಂಖ್ಯೆ ಸಮೇತ ತೀರ್ಪು ಕೊಟ್ಟಿದ್ದರು.

ಹಲ್ಲುಜ್ಜುವಾಗ ಹೊಳೆದದ್ದು ಇಷ್ಟೇ. ಪ್ರತಿ ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಸರದಿ ಇರುವಾಗ ಗೂಬೆಗೇಕೆ ಇಲ್ಲ? ಗೂಬೆಗೂ ಸಿಕ್ಕರೆ ತಮಗೆ ಎರಡಾಯಿತು.

ಮಧ್ಯಾಹ್ನ ಅವರು ನಿಯಮದ ಪುಸ್ತಕ ತೆರೆದು ಗಂಟಲು ಸರಿಮಾಡಿಕೊಂಡರು. "ಒಡನಾಡಿಯು ಒಂದು ಸ್ವತಂತ್ರ ಜೀವಿ" ಎಂದು ಓದಿದರು. ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಉಳಿದರ್ಧ ಅವರ ಹೆಬ್ಬೆರಳಿನ ಕೆಳಗಿತ್ತು, "ಆದರೂ ಒಡೆಯನ ಆಜ್ಞೆಯನ್ನು ಮೀರತಕ್ಕದ್ದಲ್ಲ" ಎಂದು. ಆಜ್ಞೆಯಂತೆ ನಡೆಯುವುದಕ್ಕೆ ಬೇರೆ ಸರದಿ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಮುನ್ನೆಚ್ಚರಿಕೆ ಅದು. ಗೂಬೆಗೆ ಸರದಿ ಇಲ್ಲವೆಂದು ಎಲ್ಲೂ ಬರೆದಿಲ್ಲ, ಬರೆಯದ ನಿರ್ಬಂಧ ನಿರ್ಬಂಧವೇ ಅಲ್ಲ ಎಂದು ಅರ್ಧ ಗಂಟೆ ವಾದಿಸಿದರು. ಗೂಬೆಗೆ ತಮಗಿಂತ ಮೊದಲ ಸರದಿಯನ್ನೂ ಕೇಳಿದರು.

"ಆಯ್ತು" ಎಂದಳು ಹೆಂಡತಿ.

ಹನ್ನೊಂದು ವರ್ಷ ಸಂಸಾರ ಮಾಡಿದವರು ಅಷ್ಟು ಸಲೀಸಾದ "ಆಯ್ತು" ಕೇಳಿದಾಗಲೇ ಎಚ್ಚರಗೊಳ್ಳಬೇಕಿತ್ತು. ಅವಳು ಒಂಬತ್ತನೇ ಪುಟ ತೆರೆದು ತೋರಿಸಿದಳು: ಒಬ್ಬ ಆಟಗಾರನಿಗೆ ಒಂದೇ ಸರದಿ. ಅಲ್ಲಿಗೆ ಸ್ವತಂತ್ರ ಗೂಬೆಯ ಪಾತ್ರ ಆಡಲು ಬೇರೊಬ್ಬರು ಬೇಕಾಯಿತು. ಮೇಜಿನ ತುದಿಯಲ್ಲಿ ಅತ್ತೆ ಕುಳಿತಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದು ಅಂಗಡಿ ಮುಚ್ಚಿದವರು, ಈಗ ಕಿಟಕಿಯ ಪರದೆಯ ಅಂಚು ಮಡಿಚುತ್ತಿದ್ದರು. ದಾಳವನ್ನು ಅವರ ಮುಂದೆ ಸರಿಸಿದಾಗ ಸೂಜಿಯನ್ನು ಪರದೆಗೆ ಚುಚ್ಚಿಟ್ಟು, ಕನ್ನಡಕ ಸರಿಮಾಡಿಕೊಂಡರು.

ಡ್ರ್ಯಾಗನ್ನಿನ ಗುಹೆ ಬಂತು. ರಾಯರ ಮಾಂತ್ರಿಕ ಹೊರಗೆ ನಿಂತು ಗೂಬೆಯ ಕಣ್ಣಿಗೆ ತನ್ನ ಕಣ್ಣು ಸೇರಿಸಿದ. ಒಳಗೆ ಹಾರಿ ಡ್ರ್ಯಾಗನ್ ಎಲ್ಲಿದೆ ನೋಡಬೇಕೆಂದು ಗೂಬೆಗೆ ಅಪ್ಪಣೆಯಾಯಿತು.

"ಒಳಗೆ ಹೊಗೆ ಇದೆ ಅಂದ್ಲಲ್ಲ ಅಳಿಯಂದ್ರೇ. ನಂಗೆ ಹೊಗೆ ಆಗ್ಬರಲ್ಲ" ಎಂದರು ಅತ್ತೆ. "ನಾನು ಈ ಮರದ ಮೇಲೆ ಕೂತ್ಕೊಂಡು ಸೂರ್ಯ ಮುಳುಗೋದು ನೋಡ್ತೀನಿ."

"ಅತ್ತೆ, ಇದು ನನ್ನ ಆಜ್ಞೆ."

"ಸ್ವತಂತ್ರ ಜೀವಿ ರೀ ಅದು" ಎಂದಳು ಹೆಂಡತಿ.

ಅಷ್ಟರಲ್ಲಿ ಬೇಟೆಗೆ ಹೋಗಿದ್ದ ಡ್ರ್ಯಾಗನ್ ಹಿಂದಿನಿಂದ ಮರಳಿತು. ರಾಯರು ತಿರುಗುತ್ತೇನೆ ಎಂದರು. ಆದರೆ ಅವರೇ ಕೇಳಿಕೊಂಡಂತೆ ಅವರ ಹಳೆಯ ಸರದಿಯಲ್ಲಿ ಈಗ ಗೂಬೆ ಇತ್ತು. ಅವರದು ಡ್ರ್ಯಾಗನ್ ಆದಮೇಲೆ. ಮಾಟಗಾತಿ ಕೂಗಿ ಎಚ್ಚರಿಸಲಿ ಎಂದರು. ನಾದಿನಿ ಬಹಳ ಮೃದುವಾಗಿ, "ಕೂಗಿದ್ರೂ ನಿಮಗೆ ಕೇಳ್ಸಲ್ಲ ಭಾವ. ನಿಯಮ ಅಂದ್ರೆ ನಿಯಮ" ಎಂದಳು.

ರಾಯರ ಹೆಬ್ಬೆರಳು ಇನ್ನೂ ಆ ಪುಟದ ಮೇಲಿತ್ತು. ಎತ್ತಿದರೆ ಗೂಬೆ ಆಜ್ಞೆಗೆ ಒಳಪಟ್ಟು ಅದರ ಸರದಿ ಮತ್ತೆ ರಾಯರದಾಗುತ್ತಿತ್ತು, ಮಾಂತ್ರಿಕ ಬದುಕುತ್ತಿದ್ದ. ಹೆಬ್ಬೆರಳಿನ ಮಾನ ಮಾತ್ರ ಹೋಗುತ್ತಿತ್ತು. ಅದು ಎರಡು ಸಲ ಅಲುಗಿತು. ಮೇಲೇಳಲಿಲ್ಲ.

ಎರಡು ವರ್ಷದ ಮಾಂತ್ರಿಕ ಬೆಂಕಿಯಲ್ಲಿ ಬೂದಿಯಾದ. ಸಾಯುವಾಗ ಅವನಿಗೆ ಡ್ರ್ಯಾಗನ್ ಕಾಣಲಿಲ್ಲ. ಕಂಡದ್ದು ಕಣಿವೆಯಾಚೆಗಿನ ಒಂದು ಕೆಂಪು ಸಂಜೆ. ಬಹಳ ಚೆನ್ನಾಗಿತ್ತೆಂದು ಅತ್ತೆ ಹೇಳಿದರು.

ಡ್ರ್ಯಾಗನ್ನನ್ನು ಮಾಟಗಾತಿಯೂ ಗೂಬೆಯೂ ಸೇರಿ ಮುಗಿಸಿದರು. ಗೂಬೆ ಎರಡು ಸಲ ಅದರ ಕಣ್ಣಿಗೇ ಕುಕ್ಕಿತು. ಅದಕ್ಕಾಗಿ ಗೂಬೆಗೂ ಒಂದು ವಿಶೇಷ ವಿದ್ಯೆ ಸಂದಿತು. ಖಾಲಿ ಕೈಯಲ್ಲಿ ಕುಳಿತ ಅಳಿಯನ ಮುಖ ನೋಡಲಾರದೆ ಅತ್ತೆ ಒಡನಾಡಿ ವಿದ್ಯೆಯನ್ನೇ ಆರಿಸಿ, ಅಳಿಯಂದಿರೇ ತಮ್ಮ ಒಡನಾಡಿಯಾಗಬಹುದೇ ಎಂದು ಕೇಳಿದರು. ಒಪ್ಪುವ ಯಾವ ಜೀವಿಯಾದರೂ ಆದೀತೆಂದು ಪುಸ್ತಕದಲ್ಲಿತ್ತು. ಮೂರು ತಿಂಗಳು ಗೋಡೆ ನೋಡುವುದಕ್ಕಿಂತ ಇದು ಮೇಲೆಂದು ರಾಯರು ಒಪ್ಪಿದರು.

"ಹಾಗಾದ್ರೆ ಒಳಗೆ ಹೋಗಿ ಎಲ್ರಿಗೂ ಚಹಾ ಮಾಡ್ಕೊಂಡ್ಬನ್ನಿ" ಎಂದರು ಅತ್ತೆ.

ಒಡನಾಡಿಯು ಸ್ವತಂತ್ರ ಜೀವಿ ಎಂದು ರಾಯರು ನೆನಪಿಸಿದರು.

"ಆದರೂ ಒಡೆಯನ ಆಜ್ಞೆಯನ್ನು ಮೀರತಕ್ಕದ್ದಲ್ಲ" ಎಂದು ಹೆಂಡತಿ ಪುಸ್ತಕ ನೋಡದೆಯೇ ವಾಕ್ಯ ಮುಗಿಸಿದಳು. "ಎರಡು ವರ್ಷದಿಂದ ಬಾಯಿಪಾಠ ಆಗಿದೆ ರೀ. ನಿಮ್ಮ ಬೆರಳಿಗೆ ನೋವಾಗ್ಲಿಲ್ವಾ?"

ಆ ಆಜ್ಞೆ ಆಟದೊಳಗಿನ ಕೆಲಸಕ್ಕಷ್ಟೇ ಅನ್ವಯ ಎಂದರು ರಾಯರು.

"ಹಾಗಂತ ಎಲ್ಲಿ ಬರೆದಿದೆ?" ಎಂದಳು ಹೆಂಡತಿ.

ರಾಯರು ಪುಸ್ತಕವನ್ನು ಅಡುಗೆಮನೆಗೆ ತೆಗೆದುಕೊಂಡು ಹೋದರು. ಮುನ್ನೂರ ಹನ್ನೆರಡು ಪುಟಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಹುಡುಕುವಾಗ ಹಾಲು ಒಮ್ಮೆ ಉಕ್ಕಿತು. ಹಾಲಿನ ವಾಸನೆ ಹಿಡಿದ ಅತ್ತೆ ಮೇಜಿನಿಂದಲೇ, ಒಲೆ ಒರೆಸಿ, ನನಗೆ ಸಕ್ಕರೆ ಕಮ್ಮಿ ಎಂದರು.

ಕುರುಡು, ಕಿವುಡು ಎಲ್ಲ ಒಡೆಯನಿಗೆ. ಒಡನಾಡಿಗೆ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.