ಪಾಪರ್ ಚೀಟಿಗೆ ಹೋದ ತಾತ

ಸಂತೋಷ ಬಂದಾಗ ಬಾಯಿ ಬಿಗಿ ಹಿಡಿಯಬೇಕಂತೆ. ಹೇಳುವವರಿಗೇನು, ಅವರಿಗೆ ಮೊಮ್ಮಗಳು ಹುಟ್ಟಿರುವುದಿಲ್ಲ! ನನಗೆ ಹುಟ್ಟಿದ್ದಾಳೆ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವನು ನಾನು. ಸಂತೆಬಾಚಹಳ್ಳಿಯಲ್ಲಿ ಟೀ, ಬೋಂಡ ಮಾರಿಕೊಂಡಿದ್ದೇನೆ. ಆ ಕೂಸು ನನ್ನ ಬೆರಳು ಹಿಡಿದ ದಿನ ಅಂಗಡಿಗೆ ಬಂದವರಿಗೆಲ್ಲ ಬಿಟ್ಟಿ ಬೋಂಡ ಕೊಟ್ಟೆ. ತೆರಿಗೆಯವರ ನೋಟೀಸು ತಂದ ಪೋಸ್ಟ್‌ಮನ್ನೂ ಎರಡು ತಿಂದೇ ಹೋದ.

ನೋಟೀಸು ಓದಿದವನು ಪಕ್ಕದ ಪಂಚರ್ ಅಂಗಡಿಯ ಬಾಷಾ. "ಯಾ ಅಲ್ಲಾ! ಲಕ್ಷಗಟ್ಲೆ ಯಾಪಾರ ಮಾಡಿ ತೆರಿಗೆ ಕಟ್ಟಿಲ್ಲ ಅಂತಾವ್ರೆ ಕಣ್ಲಾ. ಅಷ್ಟು ಬೋಂಡ ಯಾರ್ಲಾ ತಿಂದೋರು?" ಅಂದ. ಅವರು ಕೇಳಿದ್ದನ್ನು ಕಟ್ಟಬೇಕೆಂದರೆ ಅಂಗಡಿ, ಮನೆ ಎರಡೂ ಹೋಗಬೇಕು. "ದಿವಾಳಿ ಅಂತ ಕೋರ್ಟಲ್ಲಿ ಪಾಪರ್ ಚೀಟಿ ತಗೊಂಬುಡು, ಯಾರೂ ಮುಟ್ಟಾಕಿಲ್ಲ," ಅಂತ ದಾರಿಯನ್ನೂ ಅವನೇ ತೋರಿಸಿದ. ನನ್ನ ಹೆಂಡತಿ ಒಳಗಿನಿಂದಲೇ, "ತಗೊಳ್ಳಿ, ತಗೊಳ್ಳಿ. ನಾಳೆ ನಮ್ಮ ಮಗೀನ ಪಾಪರ್ ತಾತನ ಮೊಮ್ಮಗಳು ಅಂತ ಕರೀಲಿ!" ಅಂದಳು. ಅದು ನೋಟೀಸಿಗಿಂತ ಆಳವಾಗಿ ನಾಟಿತು. ಆದರೂ ಮನೆ ಉಳಿಯಬೇಕಲ್ಲ, ಬಾಷಾನ ಜೊತೆ ಕೆ.ಆರ್. ಪೇಟೆಯ ಲಾಯರಮ್ಮನ ಹತ್ತಿರ ಹೋದೆ.

"ಯಜಮಾನ್ರೇ, ದಿವಾಳಿ ಅರ್ಜಿ ಹಾಕೋಕೆ ಮುಂಚೆ ಹೇಳಿ, ನಿಮ್ಮ ಹತ್ರ ಏನಿದೆ?" ಅಂದರು ಆಕೆ. ಏನೂ ಇಲ್ಲ ಅನ್ನು ಅಂತ ಬಾಷಾ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಸಿದ್ದ. ನನ್ನ ಬಾಯಿ ಕೇಳಬೇಕಲ್ಲ! "ಮೊಮ್ಮಗಳವ್ಳೆ ಕಣವ್ವಾ! ನಾಮಕರಣಕ್ಕೆ ಊರಿಗೇ ಊಟ ಆಕ್ತಾವ್ನಿ, ನೀವೂ ಬರ್ಬೇಕು. ಮುಯ್ಯಿಗೆ ದುಡ್ಡು ತರೋ ತಾಪತ್ರಯ ಬ್ಯಾಡ. ನಮ್ಮಂಗಡಿ ಸ್ಕ್ಯಾನರ್ ಬೋರ್ಡು ಚಪ್ಪರದಲ್ಲೇ ನೇತಾಕಿರ್ತೀವಿ. ನಮ್ಮೂರಲ್ಲಿ ಎಲ್ರ ಮದ್ವೇಗೂ ಅದೇ ಬೋರ್ಡು!"

ಬಾಷಾ ಹಣೆ ಹಿಡಿದುಕೊಂಡ. ಲಾಯರಮ್ಮ ಪೆನ್ನು ಕೆಳಗಿಟ್ಟು, "ಏನಂದ್ರಿ?" ಅಂದರು.

ವಿವರಿಸಿದೆ. ನಮ್ಮೂರಲ್ಲಿ ಮದುವೆ ಅಂದರೆ ಒಬ್ಬರ ಮನೆಯ ಕೊಪ್ಪರಿಗೆ, ಇನ್ನೊಬ್ಬರ ಜಮಖಾನ ಎರವಲು ಹೋಗುತ್ತವೆ. ಹಾಗೇ ನನ್ನ ಬೋರ್ಡೂ, ದುಡ್ಡು ಬಿದ್ದಾಗಲೆಲ್ಲ ಕೂಗುವ ಅದರ ಪೆಟ್ಟಿಗೆಯೂ ಹೋಗುತ್ತವೆ. ಮುಯ್ಯಿಯೆಲ್ಲ ನನ್ನ ಖಾತೆಗೆ ಬೀಳುತ್ತದೆ. ಮಾರನೇ ದಿನ ಬಿಡಿಸಿ ಮದುವೆ ಮನೆಯವರಿಗೆ ಕೊಡುತ್ತೇನೆ.

ಲಾಯರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಊರಿನ ಮುಯ್ಯೆಲ್ಲ ನಿಮ್ಮ ಬೋಂಡ ವ್ಯಾಪಾರದ ಲೆಕ್ಕಕ್ಕೆ ಸೇರಿದೆ! ದಿವಾಳಿ ಬೇಡ, ಏನೂ ಬೇಡ. ಮದುವೆ ಮನೆಯವರ ಹತ್ರ ಆ ದುಡ್ಡು ತಮ್ಮ ಮುಯ್ಯಿದು ಅಂತ ಹೇಳಿಕೆ ಬರೆಸಿಕೊಂಡು ಬನ್ನಿ. ಬೋರ್ಡನ್ನ ಮಾತ್ರ ಇನ್ನು ಯಾರಿಗೂ ಕೊಡಬೇಡಿ."

ಬರೆಸಿ ತಂದೆ. ತೆರಿಗೆಯವರೂ ಒಪ್ಪಿ ನೋಟೀಸು ಕೈಬಿಟ್ಟರು. ಮನೆ ಉಳಿಯಿತು, ಅಂಗಡಿ ಉಳಿಯಿತು.

ನಾಮಕರಣಕ್ಕೆ ಲಾಯರಮ್ಮ ಬಂದೇಬಿಟ್ಟರು. ಚಪ್ಪರವನ್ನೆಲ್ಲ ಒಂದು ಸುತ್ತು ನೋಡಿ, "ಪರವಾಗಿಲ್ಲ ಯಜಮಾನ್ರೇ, ಬೋರ್ಡು ಎಲ್ಲೂ ಕಾಣ್ತಿಲ್ಲ. ಬುದ್ಧಿ ಬಂದಿದೆ," ಅಂದರು. ನಾನು ಮೀಸೆ ನೀವಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೀದಿಯ ಬೀಗರ ಊಟದ ಶಾಮಿಯಾನದಿಂದ ನನ್ನ ಪೆಟ್ಟಿಗೆ ಊರಿಗೆಲ್ಲ ಕೇಳುವಂತೆ ಕೂಗಿತು: "ಐನೂರು ರೂಪಾಯಿ ಸ್ವೀಕರಿಸಲಾಗಿದೆ!"

ಏನು ಮಾಡಲಿ ಹೇಳಿ? ಬೆಳಿಗ್ಗೆ ಆ ಮನೆಯವರು ಬೋರ್ಡು ಕೇಳಲು ಬಂದು, "ಮೊಮ್ಮಗಳು ನಿನ್ನಂಗೇ ಅವ್ಳಲ್ಲಣ್ಣ!" ಅಂದುಬಿಟ್ಟಿದ್ದರು.