ಸಿಕ್ಕಿಬಿದ್ದ ಸಿಕ್ ಲೀವ್

"ನಾಳೆ ಆಕಾಶ ಕಳಚಿ ಬಿದ್ರೂ ನಾನು ಹಾಸಿಗೆ ಬಿಟ್ಟು ಏಳೋನಲ್ಲ!" ಎಂದು ದಾಖಲೆ ವಿಭಾಗದ ಗುಮಾಸ್ತರು ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದರು.

ಮೂರು ತಿಂಗಳಿಂದ ಹಳೇ ಕಡತಗಳನ್ನು ಹೊತ್ತು ಹೊತ್ತು ಅವರ ಸೊಂಟ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಆದರೆ ರಜೆ? ಸಾಂದರ್ಭಿಕ ರಜೆಯೆಲ್ಲ ನೆಂಟರ ಮದುವೆಗಳಲ್ಲಿ ಕರಗಿತ್ತು. ಗಳಿಕೆ ರಜೆ ಕೇಳಿದರೆ ಮ್ಯಾನೇಜರು, "ಅಂಥಾದ್ದೇನ್ರೀ ಗಳಿಸಿದೀರಿ?" ಎನ್ನುತ್ತಿದ್ದರು. ಉಳಿದದ್ದು ಸಿಕ್ ಲೀವ್. ಅದಕ್ಕೆ ಕಾಯಿಲೆ ಬೇಕು. ಇವರಿಗಿದ್ದದ್ದು ಬರೀ ಸುಸ್ತು!

ಬೆಳಗ್ಗೆ ಎಂಟಕ್ಕೆ ನರಳುತ್ತ ಫೋನ್ ಮಾಡಿದರು. "ಸಾರ್... ಜ್ವರ... ಮೈಯೆಲ್ಲ ಕೆಂಡ..."

"ಅಯ್ಯೋ ಪಾಪ! ನನ್ನ ಬಾಮೈದ ಡಾಕ್ಟರು, ನಮ್ಮನೇಲೇ ಇದಾನೆ. ಅರ್ಧ ಗಂಟೇಲಿ ಕರ್ಕೊಂಡು ಬರ್ತೀನಿ. ಮಲಗೇ ಇರಿ, ಏಳಬೇಡಿ!"

ಗುಮಾಸ್ತರು ಚೇಳು ಕಡಿದವರಂತೆ ಎದ್ದು ನಿಂತರು. ಹೋದ ವರ್ಷ ಹೊಟ್ಟೆನೋವೆಂದು ಸುಳ್ಳು ಹೇಳಿ ಸಿಕ್ಕಿಬಿದ್ದ ಟೈಪಿಸ್ಟನನ್ನು ಇದೇ ಮ್ಯಾನೇಜರು ನೆಲಮಾಳಿಗೆಯ ಗೋದಾಮಿಗೆ ಹಾಕಿದ್ದರು. ಆತ ಇನ್ನೂ ಬೆಳಕು ಕಂಡಿಲ್ಲ!

"ಲೇ, ಏನಾದ್ರೂ ಮಾಡೇ! ನಂಗೆ ಜ್ವರ ಬರಿಸೇ!"

"ಇಪ್ಪತ್ತು ವರ್ಷದಿಂದ ನನ್ನ ಕಂಡ್ರೆ ಚಳಿಜ್ವರ ಬರುತ್ತೆ ಅಂತಿದ್ರಲ್ಲ, ಈಗೇನಾಯ್ತು? ನೋಡಿ, ನಾನಂತೂ ಸುಳ್ಳು ಹೇಳಲ್ಲ. ಡಾಕ್ಟ್ರು ಕೇಳಿದ್ರೆ ಇದ್ದದ್ದು ಇದ್ದ ಹಾಗೇ!"

ಗುಮಾಸ್ತರ ಕೈಕಾಲು ತಣ್ಣಗಾದವು. ಜ್ವರಕ್ಕೆ ಬೇಕಾದ್ದು ಅದರ ಉಲ್ಟಾ! ಕೊನೆಗೆ ಶಾಲೆಯಲ್ಲಿ ಕಲಿತ ಏಕೈಕ ವಿದ್ಯೆ ನೆನಪಾಯಿತು. ಮೈ ಬಿಸಿಯೇರಲೆಂದು ಎರಡೂ ಕಂಕುಳಲ್ಲಿ ಒಂದೊಂದು ಈರುಳ್ಳಿ ಅವುಚಿಕೊಂಡು, ಮೂರು ಕಂಬಳಿ ಹೊದ್ದು ಬಿದ್ದುಕೊಂಡರು.

ಬಾಗಿಲ ಗಂಟೆ ಬಡಿದುಕೊಂಡಿತು. ಎದೆ ಅದಕ್ಕಿಂತ ಜೋರಾಗಿ ಬಡಿದುಕೊಂಡಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರವಾದಂತೆಲ್ಲ ಗುಮಾಸ್ತರು ಈರುಳ್ಳಿಗಳನ್ನು ಇನ್ನಷ್ಟು ಬಿಗಿಯಾಗಿ ಅಮುಕಿಕೊಂಡರು.

"ಕೈ ಕೊಡಿ," ಎಂದರು ಮ್ಯಾನೇಜರ ಜೊತೆ ಒಳಬಂದ ಡಾಕ್ಟರು.

ಕೊಟ್ಟರೆ ಈರುಳ್ಳಿ ಬೀಳುತ್ತದೆ! "ಎತ್ತಕ್ಕಾಗಲ್ಲ, ಡಾಕ್ಟ್ರೇ..."

"ಆ ಕೈ?"

"ಅದೂ..."

ಡಾಕ್ಟರ ಮುಖ ಕಪ್ಪಿಟ್ಟಿತು. "ಭಾವ, ಇದು ಬರೀ ಜ್ವರ ಅಲ್ಲ. ಎರಡೂ ಕೈ ಹೋಗಿದೆ! ಮಿದುಳಿನದೇ ಏನೋ ಇರಬೇಕು. ಆಂಬುಲೆನ್ಸ್ ಕರೀರಿ, ತಲೆ ತೆಗೆದು ನೋಡಬೇಕಾಗಬಹುದು!"

"ತಲೆ ತೆಗೀಬೇಡಿ ಸಾರ್!" ಗುಮಾಸ್ತರು ಚಂಗನೆ ಎದ್ದು ಕೂತು ಎರಡೂ ಕೈ ಎತ್ತಿ ಮುಗಿದರು.

ಈರುಳ್ಳಿಗಳು ಟಪಟಪ ಬಿದ್ದು ಉರುಳಿಕೊಂಡು ಹೋಗಿ ಮ್ಯಾನೇಜರ ಬೂಟಿನ ಬುಡದಲ್ಲಿ ಶರಣಾದವು.

ಡಾಕ್ಟರು ಗುಮಾಸ್ತರ ನಾಡಿ ಹಿಡಿದರು. ಹುಬ್ಬು ಮೇಲೇರಿತು. "ಜ್ವರ ಸುಳ್ಳು. ಆದ್ರೆ ನಾಡಿ ಕುದುರೆ ಥರ ಓಡ್ತಿದೆ. ಮೈಯೆಲ್ಲ ಬೆವರು, ಕೈ ನಡುಗ್ತಿದೆ. ಎಷ್ಟು ದಿನದಿಂದ ಹೀಗಿದೆ, ಅಮ್ಮಾ?"

"ದಿನ ಎಲ್ಲಿಂದ ಬಂತು, ಡಾಕ್ಟ್ರೇ? ನೆನ್ನೆವರೆಗೂ ಗುಂಡುಕಲ್ಲಿನ ಹಾಗಿದ್ರು. ಇವತ್ತು ಬೆಳಗ್ಗೆ ವಿಶ್ರಾಂತಿ ತಗೊಳ್ಳೋಕೆ ಶುರು ಮಾಡಿದ್ರು ನೋಡಿ, ಆಗಿಂದ!"

ಮ್ಯಾನೇಜರು ತಲೆದೂಗಿದರು. "ಹಾಗಾದ್ರೆ ವಿಶ್ರಾಂತಿ ಇವರ ಮೈಗೆ ಒಗ್ಗಲ್ಲ. ಅಂಗಿ ಹಾಕ್ಕೊಳ್ರೀ, ನನ್ನ ಕಾರಲ್ಲೇ ಹೋಗೋಣ."

ಹದಿನೆಂಟು ವರ್ಷದ ನೌಕರಿಯಲ್ಲಿ ಗುಮಾಸ್ತರು ಬಾಗಿಲು ತೆರೆಯುವ ಮುಂಚೆಯೇ ಆಫೀಸು ತಲುಪಿದ್ದು ಒಂದೇ ಒಂದು ದಿನ. ಅದು ಅವರು ರಜೆ ಹಾಕಿದ ದಿನ!